ಮುತ್ಯಾನ ಅಳತೆಯ ಸೀಟು

ತವರುಮನೆಯ ಮಾತನ್ನು ಯಾರಾದರೂ ಅಕ್ಕರೆಯಿಂದ ತೆಗೆದರೆ ನನಗೆ ಮೊದಲು ಬರುವುದು ವಾಕರಿಕೆ. ಇದನ್ನು ಬರೆಯಲು ಕುಳಿತಾಗಲೂ ಬಂದಿದೆ. ಹುಟ್ಟಿದ ಮನೆ ಎಂದರೆ ಉಳಿದವರಿಗೆ ಬಿಸಿರೊಟ್ಟಿ, ಬೆಣ್ಣೆ, ಅಜ್ಜಿಯ ಮಡಿಲು ನೆನಪಾಗುತ್ತದಂತೆ. ನನಗೆ ನೆನಪಾಗುವುದು ಒಂದು ಸೈಕಲ್ಲು, ಅದರ ಸೀಟಿನ ಮೇಲೆ ಕುಂಡಿಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ ಪೇಟೆಗೆ ಹೋಗುತ್ತಿದ್ದ ನಮ್ಮಪ್ಪ. ಮರ್ಯಾದೆಯ ಪದ ಹುಡುಕಿ ನೋಡಿದೆ, ಸಿಗಲಿಲ್ಲ. ಅರವತ್ತು ದಾಟಿದ ಮೇಲೆ ಹೆತ್ತವರ ಬಗ್ಗೆ ಹೀಗೆ ಬರೆಯಬಾರದು ಎಂದು ನನ್ನ ಮಕ್ಕಳು ಹೇಳುತ್ತಾರೆ. ಅವರೇನು, ಆ ಮನೆಯಲ್ಲಿ ಒಂದು ದಿನ ಕೂತು ಉಂಡವರಲ್ಲ.

ನಮ್ಮ ಹಳ್ಳಿ ಬೈಲಹೊಂಗಲದಿಂದ ಸಂಗೊಳ್ಳಿ ಕಡೆಗೆ ಹೋಗುವ ದಾರಿಯಿಂದ ತುಸು ಒಳಗೆ ಸರಿದದ್ದು. ಮನೆ ದೊಡ್ಡದೇ. ಮುಂದೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ದೀಪ ಬೇಕಾಗುವ ಅಡುಗೆಮನೆ. ಕಟ್ಟಿಸಿದವನು ಮುತ್ಯಾ, ಅಂದರೆ ಅಪ್ಪನ ಅಪ್ಪ. ನನಗೆ ತಿಳುವಳಿಕೆ ಬರುವ ಹೊತ್ತಿಗೆ ಅವನು ಸತ್ತು ಹೋಗಿದ್ದ; ಅವನ ಎತ್ತರ ಮಾತ್ರ ಮನೆಯಲ್ಲೇ ಉಳಿದಿತ್ತು. ಆರು ಅಡಿಯ ಮೇಲೆ ಎರಡು ಬೆರಳು ಎಂದು ಆಯಿ ಹೇಳಿ ಹೇಳಿ ನಮಗೆ ಬಾಯಿಪಾಠವಾಗಿತ್ತು. ಆಯಿ ಅವನ ಹೆಂಡತಿ, ಐದು ಅಡಿಗೂ ಕಡಿಮೆ. ಅಪ್ಪ ಹೋಲಿದ್ದು ಅವಳನ್ನು. ಅದೇ ಅವನ ಜೀವನದ ದೊಡ್ಡ ದುಃಖ, ಆ ದುಃಖವನ್ನು ಅವನು ನಮ್ಮೆಲ್ಲರ ಮೈಮೇಲೆ ಹೊರಿಸಿದ. ಅಂಗಿ ನೇತುಹಾಕುವ ಗೂಟ ಮುತ್ಯಾನ ಕೈಗೆ ಎಟುಕುವಲ್ಲಿತ್ತು. ಅಪ್ಪ ದಿನಾ ಎರಡು ಮಣೆ ಒಂದರ ಮೇಲೊಂದು ಇಟ್ಟು ಹತ್ತಿ ನೇತುಹಾಕುತ್ತಿದ್ದ. ವಿಭೂತಿ ಇಡುವ ಗೂಡು ಮುತ್ಯಾನ ಕಣ್ಣಿನ ಮಟ್ಟದಲ್ಲಿತ್ತು. ಅವ್ವ ಒಳಗೆ ಕಾಣದೆ ಬೆರಳಾಡಿಸಿ ಒಮ್ಮೆ ಚೇಳು ಕಡಿಸಿಕೊಂಡಳು. ಗೂಟವನ್ನು ಒಂದು ಗೇಣು ಕೆಳಗೆ ಹೊಡೆಯಲು ಎಷ್ಟು ಹೊತ್ತು ಬೇಕು? ಆದರೆ ಮುತ್ಯಾ ಇಟ್ಟದ್ದನ್ನು ಕದಲಿಸಿದರೆ ಮನೆಯ ಮಾನ ಕದಲುತ್ತದೆ ಎಂದು ಆಯಿ ತೀರ್ಮಾನಿಸಿದ್ದಳು, ಅಪ್ಪ ಅದಕ್ಕೆ ತಲೆಯಾಡಿಸುತ್ತಿದ್ದ.

ಪಡಸಾಲೆಯ ಕನ್ನಡಿಯೂ ಹಾಗೇ. ಅದರೊಳಗೆ ಅಪ್ಪನಿಗೆ ಕಾಣುತ್ತಿದ್ದುದು ಅವನ ತಲೆಗೂದಲು ಮಾತ್ರ. ಅವ್ವ ಒಂದು ದಿನ ಹಳೆಯ ಸೀರೆಯ ತುಂಡನ್ನು ಮಡಚಿ, ಕನ್ನಡಿಯ ಮೇಲಂಚಿನ ಹಿಂದೆ ತುರುಕಿದಳು. ಕನ್ನಡಿ ಮುಂದಕ್ಕೆ ಬಾಗಿ, ಎಲ್ಲರ ಮುಖವೂ ಅದರಲ್ಲಿ ಬಂತು. ಮೊಳೆ ಇದ್ದಲ್ಲೇ ಇತ್ತು. ಅಪ್ಪ ಅಂದಿನಿಂದ ಗಲ್ಲ ಕೊಯ್ದುಕೊಳ್ಳದೆ ಗಡ್ಡ ಹೆರೆದುಕೊಂಡ. ಬಟ್ಟೆಯ ತುಂಡನ್ನು ಕಂಡೂ ಕಾಣದವನಂತೆ ಇದ್ದ. ಬೆಳಕು ಯಾವ ಕೋನದಲ್ಲಿ ಬಿದ್ದು ಯಾವ ಕೋನದಲ್ಲಿ ಹಿಂತಿರುಗುತ್ತದೆ ಎಂದು ನಾನು ಮುಂದೆ ಮೂವತ್ತು ವರ್ಷ ಹಲಗೆಯ ಮೇಲೆ ಗೆರೆ ಎಳೆದು ಕಲಿಸಿದೆ. ಸಹಿ ಮಾಡಲು ಬಾರದ ನಮ್ಮವ್ವ ಅದನ್ನು ಸೀರೆಯ ತುಂಡಿನಲ್ಲಿ ಮಾಡಿ ಮುಗಿಸಿದ್ದಳು.

ಸೈಕಲ್ಲು ಪಡಸಾಲೆಯ ಮೂಲೆಯಲ್ಲಿ, ಮುತ್ಯಾನ ಹಾಸಿಗೆ ಇದ್ದ ಜಾಗದಲ್ಲಿ ನಿಂತಿರುತ್ತಿತ್ತು. ಕರಿಯದು, ಎತ್ತಿನಷ್ಟು ಭಾರ. ಮುತ್ಯಾ ಅದರ ಮೇಲೆ ಬೈಲಹೊಂಗಲದ ಪೇಟೆಗೆ ಹೊರಟರೆ ಹೊಲದಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರಂತೆ. ಅವನು ಸತ್ತ ತಿಂಗಳೊಳಗೆ ನಮ್ಮ ಕಾಕಾ, ಅಪ್ಪನ ತಮ್ಮ, ಪಾನಾ ತಂದು ನಟ್ಟು ಸಡಿಲಿಸಿ ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಇಳಿಸಿಕೊಂಡ. ಸೈಕಲ್ಲು ಇರುವ ಯಾವ ಮನೆಯಲ್ಲಾದರೂ ಮಾಡುವ ಕೆಲಸ. ಆಯಿ ಅದನ್ನು ಕಂಡು ಎರಡು ದಿನ ಉಪವಾಸ ಬಿದ್ದಳು. ಅಪ್ಪ ಹಿರಿಯ ಮಗ. ಸೈಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಪೇಟೆಗೆ ಹೋಗಿ, ಸೀಟನ್ನು ಮುತ್ಯಾನ ಗುರುತಿಗೆ ಮತ್ತೆ ಏರಿಸಿ, ಮುಂದೆ ಯಾರೂ ಇಳಿಸದ ಹಾಗೆ ವೆಲ್ಡಿಂಗ್ ಮಾಡಿಸಿ ತಂದ. ನಿಮ್ಮ ಕಾಲು ಎಟುಕುತ್ತದೇನು ಎಂದು ವೆಲ್ಡಿಂಗಿನವನು ಎರಡು ಸಲ ಕೇಳಿದ್ದನಂತೆ. ಅಪ್ಪ ಎರಡು ಸಲವೂ ಹಾಕು ಎಂದನಂತೆ. ಇದನ್ನು ಹೊಗಳಿಕೆಯ ಮಾತಾಗಿ ಹೇಳುತ್ತಿದ್ದರು ನಮ್ಮ ಮನೆಯಲ್ಲಿ. ಮಹಾನವಮಿಯ ಖಂಡೇಪೂಜೆಯಲ್ಲಿ ಕುಡುಗೋಲು, ಕುಂಟೆ, ಕೊಡಲಿಗಳ ಜೊತೆ ಆ ಸೈಕಲ್ಲಿಗೂ ಪೂಜೆ. ವೆಲ್ಡಿಂಗಿನ ಗಂಟಿಗೆ ಅಪ್ಪ ಮೂರು ಬೆರಳು ವಿಭೂತಿ ಎಳೆಯುತ್ತಿದ್ದ, ನಾವು ಅಡ್ಡಬೀಳುತ್ತಿದ್ದೆವು. ಕಬ್ಬಿಣದ ಬೊಕ್ಕೆಗೆ ಹಣೆ ಹಚ್ಚಿದ ಆ ನೆನಪಿಗೆ ಈಗಲೂ ಹಣೆ ಒರೆಸಿಕೊಳ್ಳಬೇಕು ಅನಿಸುತ್ತದೆ.

ನಾನು ಸವದತ್ತಿ, ರಾಮದುರ್ಗದ ಕಡೆ ವಿಜ್ಞಾನ ಕಲಿಸುತ್ತಿದ್ದಾಗ ಸೈಕಲ್ಲಿನಲ್ಲಿ ಬರುವ ಮಕ್ಕಳನ್ನು ವರ್ಷಕ್ಕೊಮ್ಮೆ ಸಾಲಾಗಿ ನಿಲ್ಲಿಸುತ್ತಿದ್ದೆ. ಪೆಡಲು ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲೆ ಕೂತರೆ ಕಾಲು ನೆಟ್ಟಗಾಗಬೇಕು; ಪಾದದ ಮುಂಭಾಗ ಇಟ್ಟು ತುಳಿದಾಗ ಮೊಣಕಾಲು ತುಸು ಬಾಗಬೇಕು. ಅಷ್ಟೇ ಲೆಕ್ಕ. ಸೀಟು ತಗ್ಗಾದರೆ ಮೊಣಕಾಲು ನೋಯುತ್ತದೆ, ಎತ್ತರವಾದರೆ ಸೊಂಟ ಪೆಡಲಿನ ಹಿಂದೆ ಓಡುತ್ತದೆ. ನಾನೇ ಪಾನಾ ಹಿಡಿದು ಒಬ್ಬೊಬ್ಬರ ಸೀಟನ್ನೂ ಸರಿಮಾಡುತ್ತಿದ್ದೆ. ಈ ಅಕ್ಕೋರಿಗೆ ಸೈಕಲ್ಲಿನ ಹುಚ್ಚು ಎಂದು ಉಳಿದ ಮಾಸ್ತರರು ನಗುತ್ತಿದ್ದರು. ಹುಚ್ಚಲ್ಲ ಅದು, ಅಸಹ್ಯ. ನನ್ನ ಕಣ್ಣ ಮುಂದೆ ಇನ್ನೊಬ್ಬರು ನಮ್ಮಪ್ಪನ ಹಾಗೆ ಸೈಕಲ್ಲು ಹೊಡೆಯುವುದನ್ನು ನಾನು ನೋಡಲಾರೆ.

ಅಪ್ಪನಿಗೆ ಪೆಡಲು ಕೆಳಗೆ ಹೋದಾಗ ಸಿಗುತ್ತಿದ್ದುದು ಹೆಬ್ಬೆರಳಿನ ತುದಿಗೆ ಮಾತ್ರ. ಅದನ್ನು ಹಿಡಿಯಲು ಸೊಂಟವನ್ನು ಆ ಕಡೆ ಜಾರಿಸಬೇಕು, ಮರುಕ್ಷಣ ಈ ಕಡೆ. ಹೀಗೆ ಊರಿಂದ ಪೇಟೆಯವರೆಗೆ ಒಂದು ತಾಸು ಸೀಟಿನ ಅಂಚಿಗೆ ತೊಡೆಸಂದು ತಿಕ್ಕುತ್ತ ಹೋಗುವುದು. ಹತ್ತಲು ಕಟ್ಟೆ ಬೇಕು, ಇಳಿಯಲು ಕಟ್ಟೆ ಬೇಕು. ದಾರಿಯಲ್ಲಿ ಅವನು ನಿಲ್ಲಬಹುದಾದ ಜಾಗ ನಾಲ್ಕೇ: ಊರಮುಂದಿನ ಗುಡಿಕಟ್ಟೆ, ನಮ್ಮ ಹೊಲದ ಹತ್ತಿರದ ಸಣ್ಣ ಸೇತುವೆ, ದೊಡ್ಡ ದಾರಿ ಸೇರುವಲ್ಲಿನ ಕಲ್ಲು, ಪೇಟೆಯ ಬಾಯಿಯಲ್ಲಿ ಒಂದು ಅಂಗಡಿಯ ಜಗಲಿ. ನಡುವೆ ಯಾರು ಕೂಗಿದರೂ ನಿಲ್ಲುವ ಹಾಗಿಲ್ಲ. ಗೌಡ ಸೊಕ್ಕಿನವನು, ಕರೆದರೂ ನಿಲ್ಲುವುದಿಲ್ಲ ಎಂದು ಜನ ತಿಳಿದಿದ್ದರು. ಅವನಿಗೂ ಹಾಗೆ ತಿಳಿಯುವುದೇ ಬೇಕಿತ್ತು. ಒಮ್ಮೆ ಕುರಿಹಿಂಡು ದಾರಿಗೆ ಅಡ್ಡ ಬಂತು. ನಿಲ್ಲಲಾಗದೆ ಅಪ್ಪ ಇದ್ದ ಜಾಗದಲ್ಲೇ ಸುತ್ತು ಹೊಡೆಯತೊಡಗಿದ. ಕುರಿಗಳು ಮುತ್ತಿದ ಹಾಗೆ ಸುತ್ತು ಸಣ್ಣದಾಯಿತು, ಸುತ್ತು ಸಣ್ಣದಾದ ಹಾಗೆ ಸೈಕಲ್ಲು ಒಳಕ್ಕೆ ವಾಲಿತು, ಕೊನೆಗೆ ಕುರಿಗಳ ನಡುವೆ ಬಿದ್ದ. ಹಿಂದಿನ ಕ್ಯಾರಿಯರ್ ಮೇಲೆ ನಾನಿದ್ದೆ. ಕುರಿಹಿಕ್ಕೆಯಿಂದ ಎದ್ದು ಕುರಿಯವನಿಗೆ ಬೈದ ಅಪ್ಪನ ಮುಖವನ್ನು ನಾನು ನೋಡಲಿಲ್ಲ, ನೋಡುವ ಮನಸ್ಸಾಗಲಿಲ್ಲ.

ಇನ್ನು ಆ ಬಾವು. ತಿಂಗಳಿಗೆ ಎರಡು ಸಲವಾದರೂ ಅಪ್ಪನ ತೊಡೆಸಂದಿನಲ್ಲಿ ಕುರು ಏಳುತ್ತಿತ್ತು. ಅವ್ವ ಉಳ್ಳಾಗಡ್ಡಿಯನ್ನು ಕೆಂಡದಲ್ಲಿ ಸುಟ್ಟು, ಅರಿಷಿಣ ಕಲಸಿ, ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಮಧ್ಯಾಹ್ನ ಅಡುಗೆಮನೆಯಲ್ಲಿ ರೊಟ್ಟಿ ಬೇಯುವ ಒಲೆಯ ಪಕ್ಕದಲ್ಲೇ ಅದೂ ಬೇಯುತ್ತಿತ್ತು. ಅಪ್ಪ ಒಂದೇ ಕುಂಡಿಯ ಮೇಲೆ ಕುಳಿತು ಉಣ್ಣುತ್ತಿದ್ದ. ಕುರು ಒಡೆದ ದಿನ ಧೋತರದ ಮೇಲೆ ಹಳದಿ ಕಲೆ. ಅದನ್ನು ಒಗೆಯುವವಳು ಅವ್ವ, ಹಿಂಡುವವಳು ನಾನು. ತಾಟಿನಲ್ಲಿ ಉಳ್ಳಾಗಡ್ಡಿ ಪಲ್ಯ ಬಿದ್ದರೆ ನಾನು ಎದ್ದುಹೋಗುತ್ತಿದ್ದೆ. ಆಯಿ ಮಾತ್ರ ಮಗನನ್ನು ಹೆಮ್ಮೆಯಿಂದ ನೋಡುತ್ತಿದ್ದಳು, ಅಪ್ಪನ ಗಾದಿ ಹತ್ತಿದವನಿಗೆ ಇಷ್ಟೂ ನೋವಿಲ್ಲದೆ ಇರುತ್ತದೆಯೇ ಎನ್ನುತ್ತಿದ್ದಳು.

ನಾನು ಏಳನೆಯ ಇಯತ್ತೆ ಪಾಸಾದಾಗ ಊರಿನ ಸಾಲೆ ಮುಗಿಯಿತು. ಹೈಸ್ಕೂಲು ಬೈಲಹೊಂಗಲದಲ್ಲಿ. ಬಸ್ಸು ದಿನಕ್ಕೊಂದು, ಅದು ಸಾಲೆಯ ಗಂಟೆ ಹೊಡೆದ ಎಷ್ಟೋ ಹೊತ್ತಿನ ಮೇಲೆ ಪೇಟೆ ಮುಟ್ಟುತ್ತಿತ್ತು. ನನಗೆ ಓದಬೇಕಿತ್ತು. ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ, ಈ ಮನೆಯಲ್ಲಿ ಇರಬಾರದು ಅದಕ್ಕೆ ಎಂದೇ ಹೇಳುತ್ತಿದ್ದೆ. ನಾನು ಮೂರು ದಿನ ಅತ್ತೆ, ಅವ್ವ ಒಂದು ಸಲ ಅಪ್ಪನ ಹತ್ತಿರ ಮಾತು ತೆಗೆದಳು. ಅಪ್ಪ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಸೈಕಲ್ಲನ್ನು ತೋರಿಸಿದ.

"ಮುತ್ಯಾನ ಸೈಕಲ್ ಐತಿ. ಸೀಟಿನ ಮ್ಯಾಲ ಕುಂತ ಹೊಡ್ಯಾಕ ಬಂದ್ರ ಹೋಗು. ದಾಂಡಿ ಒಳಗ ಕಾಲ ತೂರಿಸಿ ಹೊಡ್ಯೂದು ಹೆಣಮಕ್ಕಳಿಗೆ ಚಂದ ಅಲ್ಲ."

ಅವನು ನನ್ನ ಕಾಲಿನ ಉದ್ದ ನೋಡಿಯೇ ಹೇಳಿದ ಮಾತು ಅದು. ಇಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲದೆ, ಇಲ್ಲ ಎನ್ನುವ ಕೆಲಸವನ್ನು ಸತ್ತವನ ಸೀಟಿಗೆ ಒಪ್ಪಿಸಿದ. ಗುಡಿಕಟ್ಟೆಯ ಮೇಲಿಂದ ಹತ್ತಿ ನೋಡಿದೆ. ಪೆಡಲು ಕೆಳಗೆ ಹೋದರೆ ನನ್ನ ಹೆಬ್ಬೆರಳಿಗೂ ಅದಕ್ಕೂ ನಡುವೆ ಎರಡು ಬೆರಳು ಗಾಳಿ. ಹತ್ತು ಸಲ ಬಿದ್ದೆ, ಮೊಣಕೈ ಸುಲಿಯಿತು. ಅವ್ವ ಹಿತ್ತಿಲಲ್ಲಿ ಸೈಕಲ್ಲನ್ನು ಗೋಡೆಗೆ ಆನಿಸಿ, ನನ್ನನ್ನು ಸೀಟಿನ ಮೇಲೆ ಕೂರಿಸಿ, ಕೆಳಗೆ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ನನ್ನ ಅಂಗಾಲಿನಿಂದ ಪೆಡಲಿಗೆ ಬೆರಳಿಟ್ಟು ಅಳೆದಳು.

"ಮ್ಯಾಲಿಂದು ಇಳಸಾಕ ಬರೂದಿಲ್ಲಲಾ," ಅಂದಳು. "ಕೆಳಗಿಂದ ಏರಸೂನು."

ಹಳೆಯ ಕುಂಟೆಯ ಜಾಲಿಕಟ್ಟಿಗೆಯನ್ನು ಕೊಡಲಿಯಿಂದ ಕಡಿದು, ಅಂಗೈ ಅಗಲದ, ನಾಲ್ಕು ಬೆರಳು ದಪ್ಪದ ಎರಡು ತುಂಡು ಮಾಡಿದಳು. ಹಳೆಯ ಟ್ಯೂಬಿನ ಪಟ್ಟಿಯಿಂದ ಪೆಡಲಿನ ಮೇಲೆ ಬಿಗಿದಳು. ಕಾಲು ತೆಗೆದ ಕೂಡಲೇ ಪೆಡಲು ಗಿರ್ರನೆ ತಿರುಗಿ ಕಟ್ಟಿಗೆ ಕೆಳಗೆ ಜೋತುಬಿತ್ತು. ಭಾರ ಇದ್ದ ಕಡೆ ಕೆಳಗಾಗಲೇಬೇಕು. ಅವ್ವ ಅದನ್ನು ನೋಡಿ ಒಂದು ಸಲ ನಕ್ಕಳು, ಮತ್ತೆರಡು ತುಂಡು ಕಡಿದು ಪ್ರತಿ ಪೆಡಲಿನ ಹೊಟ್ಟೆಗೂ ಬೆನ್ನಿಗೂ ಒಂದೊಂದು ಬರುವ ಹಾಗೆ ಕಟ್ಟಿದಳು. ತಕ್ಕಡಿ ಸಮನಾಯಿತು. ಯಾವ ಕಡೆ ತಿರುಗಿದರೂ ಮೇಲೆ ಒಂದು ತುಂಡು ಇದ್ದೇ ಇರುತ್ತಿತ್ತು. ಲಂಗದ ಒಳಗೆ ಕಾಕಾನ ಹಳೆಯ ಪಾಯಿಜಾಮ ಹಾಕಿಸಿ, ನನ್ನನ್ನು ಕಟ್ಟೆಯ ಮೇಲಿಂದ ಬಿಟ್ಟಳು. ನನ್ನ ಕಾಲು ತುಳಿಯಿತು, ಪೂರ್ತಿ ಸುತ್ತು ತುಳಿಯಿತು, ಸೊಂಟ ಕದಲಲಿಲ್ಲ.

ಆ ಮೂರು-ನಾಲ್ಕು ತಿಂಗಳು ನನ್ನ ಬಾಲ್ಯದಲ್ಲಿ ನಾನು ಹೇಸದೆ ನೆನೆಯುವ ಕಾಲ. ಮೊದಲ ವಾರ ದೊಡ್ಡ ದಾರಿಯ ತಿರುವಿನಲ್ಲಿ ಬಿದ್ದೆ. ಸೈಕಲ್ಲು ಒಳಕ್ಕೆ ವಾಲಿದಾಗ ಆ ಕಡೆಯ ಪೆಡಲು ಕೆಳಗಿದ್ದು, ಅದರ ಕೆಳಗಿನ ಕಟ್ಟಿಗೆ ನೆಲಕ್ಕೆ ತಾಗಿತ್ತು. ಆಮೇಲೆ ತಿರುವು ಬಂದರೆ ಒಳಗಿನ ಕಾಲನ್ನು ಮೇಲಿಟ್ಟು ತುಳಿಯುವುದನ್ನು ನಿಲ್ಲಿಸುವುದು ಕಲಿತೆ. ಎಷ್ಟು ವೇಗಕ್ಕೆ ಎಷ್ಟು ವಾಲಬೇಕು, ಬ್ರೇಕು ಹಿಡಿದ ಮೇಲೆ ಕಟ್ಟೆಯ ತನಕ ಎಷ್ಟು ಮಾರು ಉರುಳುತ್ತದೆ, ಮಳೆಯ ದಿನ ಅದು ಎಷ್ಟು ಹೆಚ್ಚುತ್ತದೆ ಎಂಬುದನ್ನೆಲ್ಲ ಪುಸ್ತಕಕ್ಕೆ ಮೊದಲು ಕಾಲಿನಿಂದ ಕಲಿತೆ. ಅಪ್ಪ ಬೆಳಗ್ಗೆ ಹೊಲಕ್ಕೆ ಹೋದ ಮೇಲೆ ನಾನು ಹೊರಡುತ್ತಿದ್ದೆ. ಕಟ್ಟಿಗೆಯನ್ನು ಅವನು ನೋಡಿರಲೇಬೇಕು. ಸೀಟನ್ನು ಯಾರೂ ಮುಟ್ಟಿಲ್ಲವಲ್ಲ ಎಂದು ಸುಮ್ಮನಿದ್ದ. ಅವನು ಪೇಟೆಗೆ ಹೋಗುವುದು ರವಿವಾರ, ನನಗೆ ಸೂಟಿ. ಶನಿವಾರ ಸಂಜೆ ಅವ್ವ ಪಟ್ಟಿ ಬಿಚ್ಚಿ ಕಟ್ಟಿಗೆ ತೆಗೆದಿಡುತ್ತಿದ್ದಳು.

ಹಾಳುಮಾಡಿದವನು ಕಾಕಾ. ಅವನು ಪಾಲಾಗಿ ಓಣಿಯ ಆ ತುದಿಗೆ ಮನೆ ಮಾಡಿದ್ದ, ಅಣ್ಣನ ಮೇಲಿನ ಸಿಟ್ಟನ್ನು ನಗುತ್ತ ತೀರಿಸಿಕೊಳ್ಳುವ ಸ್ವಭಾವ. ದೀಪಾವಳಿಯ ಹೊತ್ತಿನಲ್ಲಿ ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ನಾನು ಸಾಲೆಯಿಂದ ಬಂದು ಇಳಿದೆ. ಕಾಕಾ ಆಯಿಯ ಕಡೆ ತಿರುಗಿದ.

"ಏವ್ವಾ, ನಮ್ಮ ಗಂಗಿನ್ನ ನೋಡಿದೇನ? ದೂರಿಂದ ಬರೂದ ನೋಡಿದ್ರ ಥೇಟ್ ಅಪ್ಪನ ಬಂದಂಗ ಆಗತೈತಿ. ಹಂಗ ನೆಟ್ಟಗ ಕುಂತಿರತಾಳ. ಅಣ್ಣಾಗೂ ಒಂದ ದಿನಾ ಹಂಗ ಕುಂದ್ರಾಕ ಬರಲಿಲ್ಲ ನೋಡು."

ಅಪ್ಪ ಕಾಕಾ ಹೋಗುವ ತನಕ ಕಾದ. ಆಮೇಲೆ ಎದ್ದು, ಕುಡುಗೋಲಿನಿಂದ ಟ್ಯೂಬಿನ ಪಟ್ಟಿಗಳನ್ನು ಕೊಯ್ದು, ನಾಲ್ಕೂ ತುಂಡುಗಳನ್ನು ಬಚ್ಚಲಿನ ನೀರೊಲೆಗೆ ಹಾಕಿದ. ಮುತ್ಯಾನ ಸೈಕಲ್ಲಿಗೆ ಕುಂಟೆಯ ಕಟ್ಟಿಗೆ ಕಟ್ಟುವುದು ಸತ್ತವನಿಗೆ ಮಾಡಿದ ಅವಮಾನ ಎಂದು ಅವತ್ತು ಅವನಿಗೆ ಹೊಳೆಯಿತು. ಆಯಿಗೂ ಹೊಳೆಯಿತು. ಅವಳು ಅವ್ವನನ್ನು ಕರೆದು, ಕೊರಳ ಲಿಂಗ ಮುಟ್ಟಿ ಆಣೆ ಮಾಡು ಎಂದಳು, ಇನ್ನೊಮ್ಮೆ ಆ ಸೈಕಲ್ಲಿಗೆ ಕಟ್ಟಿಗೆ ಕಟ್ಟುವುದಿಲ್ಲ ಎಂದು. ನಮ್ಮಲ್ಲಿ ಲಿಂಗ ಮುಟ್ಟಿ ಕೊಟ್ಟ ಮಾತನ್ನು ಯಾರೂ ಮುರಿಯುವುದಿಲ್ಲ. ಅವ್ವ ನನ್ನ ಮುಖ ನೋಡಿದಳು, ಲಿಂಗ ಮುಟ್ಟಿದಳು, ಹೇಳಿದಳು. ಮರುದಿನದಿಂದ ನನ್ನ ಸಾಲೆ ನಿಂತಿತು. ಜಾಲಿಕಟ್ಟಿಗೆ ಬೇಗ ಸುಟ್ಟು ಮುಗಿಯುವುದಿಲ್ಲ, ಬೆಳಗ್ಗೆ ನಾನು ಮುಖ ತೊಳೆಯಲು ಹೋದಾಗಲೂ ಒಂದು ತುಂಡು ಕೆಂಪಗೆ ಉರಿಯುತ್ತಿತ್ತು.

ಎರಡು ತಿಂಗಳು ಸೆಗಣಿ ಬಳಿದೆ, ಜೋಳ ಹಸನು ಮಾಡಿದೆ, ಅಪ್ಪನ ಧೋತರ ಹಿಂಡಿದೆ. ಧೋತರದ ಮೇಲಿನ ಹಳದಿ ಕಲೆ ಮಾತ್ರ ಯಾವಾಗಲೋ ನಿಂತುಹೋಗಿತ್ತು. ಅಪ್ಪ ಎರಡೂ ಕುಂಡಿಯ ಮೇಲೆ ಕುಳಿತು ಉಣ್ಣತೊಡಗಿದ. ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಸುಡುವುದೂ ನಿಂತಿತು. ಸವದತ್ತಿ ಗುಡ್ಡಕ್ಕೆ ತಾನು ಹೊತ್ತ ಹರಕೆಯ ಫಲ ಎಂದು ಆಯಿ ಓಣಿಯವರಿಗೆಲ್ಲ ಸಾರಿದಳು. ನಾನೂ ಹಾಗೇ ಇರಬಹುದು ಎಂದುಕೊಂಡೆ. ಅದು ನೆನಪಾದರೆ ಈಗ ನನ್ನ ಮೇಲೇ ನನಗೆ ಹೇಸಿಗೆ.

ಒಂದು ರವಿವಾರ ಮಧ್ಯಾಹ್ನ ಅವ್ವ ಹತ್ತರಕಿ ಸೊಪ್ಪು ತರಲು ನನ್ನನ್ನು ಹೊಲಕ್ಕೆ ಕಳಿಸಿದಳು. ದಾರಿಯ ಪಕ್ಕದ ಕಡಲೆ ಪಟ್ಟಿಯ ಆಚೆ, ಜೋಳದ ಸಾಲಿನ ನಡುವೆ ಕುಳಿತು ಕೀಳುತ್ತಿದ್ದೆ. ಪೇಟೆಯ ಕಡೆಯಿಂದ ಒಂದು ಸೈಕಲ್ಲು ಬಂತು. ಮೇಲೆ ಕುಳಿತವನ ಬೆನ್ನು ನೆಟ್ಟಗಿತ್ತು. ಸೊಂಟ ಸೀಟಿನ ಮೇಲೆ ಸ್ಥಿರವಾಗಿತ್ತು, ಮೊಣಕಾಲು ಒಂದೇ ಸಮನೆ ಏರಿ ಇಳಿಯುತ್ತಿತ್ತು, ಬಾಯಲ್ಲಿ ಏನೋ ಗುನುಗು. ಯಾರೋ ಪರವೂರಿನ ಗೌಡ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ನಮ್ಮಪ್ಪ. ಸಣ್ಣ ಸೇತುವೆಯ ಕಟ್ಟೆಗೆ ಕಾಲಿಟ್ಟು ಇಳಿದ. ಸುತ್ತ ನೋಡಿದ. ಆಮೇಲೆ ಬಗ್ಗಿ ಪೆಡಲಿನಿಂದ ಚರ್ಮದ ಪಟ್ಟಿ ಬಿಚ್ಚಿ ಒಂದು, ಎರಡು, ಮೂರು, ನಾಲ್ಕು ಕಟ್ಟಿಗೆ ತುಂಡು ತೆಗೆದ. ಗೋಣಿತಟ್ಟಿನ ಚೂರಿನಲ್ಲಿ ಸುತ್ತಿ, ನಮ್ಮ ಜೋಳದ ದಂಟಿನ ಕಣಿಕೆಯ ಬಣವೆಯೊಳಗೆ ಮೊಣಕೈ ಮುಳುಗುವಷ್ಟು ಆಳಕ್ಕೆ ತುರುಕಿದ. ಮತ್ತೆ ಕಟ್ಟೆಯ ಮೇಲಿಂದ ಸೈಕಲ್ಲು ಹತ್ತಿ, ಕುಂಡಿ ಹೊರಳಿಸುತ್ತ, ಊರಿನ ಕಡೆ ಹೋದ.

ನಾನು ಅಲ್ಲೇ ಕಾರಿಕೊಂಡೆ. ಇದನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ, ನಿಜವಾಗಿ ಕಾರಿಕೊಂಡೆ, ಬೆಳಗಿನ ರೊಟ್ಟಿ ಇನ್ನೂ ಕೀಳದಿದ್ದ ಹತ್ತರಕಿ ಸೊಪ್ಪಿನ ಮೇಲೆ ಬಿತ್ತು. ಅವನಿಗೆ ಗೊತ್ತಿತ್ತು. ಅವ್ವನ ಉಪಾಯ ಸರಿ ಎಂದು ಗೊತ್ತಿತ್ತು, ಅದರಿಂದ ನೋವು ಹೋಗುತ್ತದೆ ಎಂದು ಗೊತ್ತಿತ್ತು, ನನ್ನ ಸಾಲೆ ನಿಂತದ್ದು ಆ ನಾಲ್ಕು ತುಂಡಿನಿಂದ ಎಂದು ಗೊತ್ತಿತ್ತು. ಅವ್ವನದನ್ನು ಸುಟ್ಟು, ಅವಳ ಕೊರಳ ಮೇಲೆ ಆಣೆ ಹೊರಿಸಿ, ತಾನು ಪೇಟೆಯ ಬಡಿಗನಿಂದ ಮಾಡಿಸಿಕೊಂಡಿದ್ದ. ಬಣವೆಯಿಂದ ಗಂಟು ಎಳೆದು ಬಿಚ್ಚಿದೆ. ಸಾಗವಾನಿ. ಕೀಸಿ ನಯ ಮಾಡಿದ್ದು, ಕಾಲು ಜಾರದಂತೆ ಅಡ್ಡ ಗೆರೆ ಕೊರೆದದ್ದು, ಪಟ್ಟಿಗೆ ಹಿತ್ತಾಳೆಯ ಬಕಲು.

ಬುಟ್ಟಿಯಲ್ಲಿ ಸೊಪ್ಪಿನ ಕೆಳಗೆ ಮುಚ್ಚಿ ತಂದು ಅಡುಗೆಮನೆಯಲ್ಲಿ ಅವ್ವನ ಮುಂದೆ ಇಟ್ಟು, ಕಂಡದ್ದನ್ನು ಹೇಳಿದೆ. ಅವಳು ಒಂದು ತುಂಡನ್ನು ಎತ್ತಿ, ದಪ್ಪಕ್ಕೆ ಬೆರಳಿಟ್ಟು ನೋಡಿದಳು. ಎರಡು ಬೆರಳು. ಅಪ್ಪನ ಕಾಲಿಗೆ ಎರಡೇ ಸಾಕಿತ್ತು. ಅವಳಿಗೆ ಸಿಟ್ಟು ಬರುತ್ತದೆ ಎಂದು ಕಾದೆ.

"ಇದ್ದಲ್ಲೇ ಇಟ್ಟ ಬಾ," ಅಂದಳು. "ಅವರ ಬಾವು ಇಳದೈತಿ. ಎಷ್ಟ ವರ್ಷದ ಮ್ಯಾಲ ನೆಟ್ಟಗ ಉಣ್ಣಾಕ ಹತ್ಯಾರ."

"ಮತ್ತ ನನ್ನ ಸಾಲಿ?"

ಅವಳು ಸೊಪ್ಪು ಸೋಸತೊಡಗಿದಳು. ಆ 'ಅವರ' ಎಂಬ ಮರ್ಯಾದೆಯ ಮಾತು ಕೇಳಿ ನನಗೆ ಅವ್ವನ ಮೇಲೂ ಹೇಸಿಗೆ ಬಂತು. ಅವಳು ಹೊತ್ತ ನೀರು, ಹಿಂಡಿದ ಕೀವು, ಮಾಡಿದ ಆಣೆ ಯಾವುದೂ ಆ ಕ್ಷಣ ನನಗೆ ಲೆಕ್ಕಕ್ಕೆ ಬರಲಿಲ್ಲ. ನಾನು ಗಂಟನ್ನು ಹೊಲಕ್ಕೆ ಒಯ್ಯಲಿಲ್ಲ. ಕಾಳಿನ ಚೀಲಗಳ ಹಿಂದೆ ಇಟ್ಟೆ.

ಮರುದಿನ ಬೆಳಗ್ಗೆ ಕಾಕಾ ಎತ್ತು ಕೇಳಲು ಬಂದಿದ್ದ. ಅವನು ಬರುವುದನ್ನೇ ನಾನು ಕಾಯುತ್ತಿದ್ದೆ, ಅವನಿಲ್ಲದೆ ಈ ಕೆಲಸ ಆಗುವುದಿಲ್ಲ ಎಂದು ನನಗೆ ತಿಳಿದಿತ್ತು. ಅಪ್ಪ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದ, ಆಯಿ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ನಾನು ಸಾಲೆಯ ಬಟ್ಟೆ ಹಾಕಿಕೊಂಡು, ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಬಂದು, ಸೈಕಲ್ಲಿನ ಪಕ್ಕ ಕುಳಿತು ಪೆಡಲಿಗೆ ಒಂದೊಂದೇ ತುಂಡನ್ನು ಬಿಗಿಯತೊಡಗಿದೆ. ಆಯಿಯ ಮೊರ ನಿಂತಿತು. ಸೊಸೆ ಆಣೆ ಮುರಿದಳೇ ಎಂದು ಅವಳು ಕೂಗಿದ್ದಕ್ಕೆ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವ್ವ ಮಾಡಿದ್ದಲ್ಲ, ನಮ್ಮ ಬಣವೆಯಲ್ಲಿ ಸಿಕ್ಕವು ಎಂದೆ. ಕಾಕಾ ಒಂದು ತುಂಡು ಎತ್ತಿ ಬಕಲನ್ನು ತಿರುವಿ ನೋಡಿ, ಇದು ಪೇಟೆಯ ಕೆಲಸ, ಯಾರೋ ದೊಡ್ಡವರ ಕಾಲಿಗೆ ಮಾಡಿಸಿದ್ದಾರೆ ಎಂದು ಅಣ್ಣನ ಕಡೆ ನೋಡಿದ. ಅವನ ಮೀಸೆಯ ಕೆಳಗೆ ನಗು ಆಗಲೇ ಏಳುತ್ತಿತ್ತು.

"ನಿನ್ನವೇನೋ ತಮ್ಮಾ?" ಆಯಿ ಅಪ್ಪನನ್ನು ಕೇಳಿದಳು.

ಹೌದು ಎಂದಿದ್ದರೆ ಅಷ್ಟೇ ಆಗಿತ್ತು. ಕಾಕಾ ಒಂದು ವಾರ ನಗುತ್ತಿದ್ದ, ಆಯಿ ಎರಡು ದಿನ ಉಪವಾಸ ಬೀಳುತ್ತಿದ್ದಳು, ಆಮೇಲೆ ಅಪ್ಪ ಸಾಯುವ ತನಕ ನೆಟ್ಟಗೆ ಕುಳಿತು ಪೇಟೆಗೆ ಹೋಗುತ್ತಿದ್ದ. ಅವನು ಚಹಾದ ಬಸಿಯನ್ನೇ ನೋಡುತ್ತಿದ್ದ.

"ನನ್ನವಲ್ಲ," ಅಂದ.

"ಯಾರವೂ ಅಲ್ಲಂದ್ರ ನನ್ನವು," ಎಂದೆ. "ನಾ ಯಾರಿಗೂ ಆಣಿ ಕೊಟ್ಟಿಲ್ಲ."

ಅವನು ಬೇಡ ಎಂದಿದ್ದರೆ ನಾನು ಕಂಡದ್ದನ್ನೆಲ್ಲ ಕಾಕಾನ ಮುಂದೆ ಹೇಳುತ್ತಿದ್ದೆ. ಅದು ಅವನಿಗೆ ನನ್ನ ಮುಖದಲ್ಲಿ ಕಂಡಿರಬೇಕು. ಯಾರೂ ತಡೆಯಲಿಲ್ಲ. ಎರಡು ಬೆರಳಿನ ಕಟ್ಟಿಗೆ ನನ್ನ ಕಾಲಿಗೆ ಕಡಿಮೆ. ಅವತ್ತು ನಾನೂ ಸೊಂಟ ಹೊರಳಿಸುತ್ತಲೇ ಬೈಲಹೊಂಗಲ ಮುಟ್ಟಿದೆ. ಹೆಡ್ ಮಾಸ್ತರು ಬೈದು ಒಳಗೆ ಕಳಿಸಿದರು. ಒಂದು ವರ್ಷ, ನನ್ನ ಕಾಲು ಬೆಳೆಯುವ ತನಕ, ನನ್ನ ತೊಡೆಯೂ ಸುಲಿಯಿತು. ಅವ್ವ ಕೊಬ್ಬರಿ ಎಣ್ಣೆ ಕೊಡುತ್ತಿದ್ದಳು. ಆದರೆ ನಾನು ಹತ್ತನೆಯ ಇಯತ್ತೆ ಮುಗಿಸಿದ್ದು, ಮುಂದೆ ಕಲಿತದ್ದು, ಕಲಿಸಿದ್ದು ಎಲ್ಲವೂ ಆ ನಾಲ್ಕು ತುಂಡುಗಳ ಮೇಲೆ ನಿಂತು.

ಶನಿವಾರ ಸಂಜೆ ನಾನೇ ಬಕಲು ಬಿಚ್ಚಿ ಅವನ್ನು ಪಾಟಿಚೀಲಕ್ಕೆ ಹಾಕಿ, ಚೀಲವನ್ನು ನನ್ನ ಹಾಸಿಗೆಯ ಪಕ್ಕ ಇಡುತ್ತಿದ್ದೆ. ತನ್ನವಲ್ಲ ಎಂದವನು ಇನ್ನೊಂದು ಜೊತೆ ಮಾಡಿಸುವ ಹಾಗಿರಲಿಲ್ಲ; ಕಾಕಾ ಈಗ ಪ್ರತಿ ರವಿವಾರ ಗುಡಿಕಟ್ಟೆಯಿಂದ ಹೊಲದವರೆಗೂ ಕಣ್ಣಿಟ್ಟಿರುತ್ತಿದ್ದ. ಅಪ್ಪನ ಬಾವು ಮತ್ತೆ ಎದ್ದಿತು. ಕೇಳಿದ್ದರೆ ಕೊಡುತ್ತಿದ್ದೆ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ಸುಳ್ಳು. ಅವನು ಕೇಳಿದ್ದ. ಒಂದು ರವಿವಾರ ಬೆಳಗ್ಗೆ ಅಂಗಳದಲ್ಲಿ ಸೈಕಲ್ಲು ಹಿಡಿದು, ಹತ್ತದೆ, ಪೆಡಲನ್ನು ಕಾಲಿನಿಂದ ಸುಮ್ಮನೆ ಹಿಂದಕ್ಕೆ ತಿರುಗಿಸುತ್ತ ನಿಂತಿದ್ದ. ನಾನು ಬಾಗಿಲಲ್ಲಿದ್ದೆ.

"ಗಂಗೀ, ಇವತ್ತ ಸಾಲಿ ಸೂಟಿ ಐತೇನ?"

ರವಿವಾರ ಸೂಟಿ ಎಂದು ಅವನಿಗೆ ಗೊತ್ತಿಲ್ಲದೇನಿರಲಿಲ್ಲ. ಅವನು ಏನು ಕೇಳುತ್ತಿದ್ದಾನೆ ಎಂದು ನನಗೂ ಗೊತ್ತಿಲ್ಲದೇನಿರಲಿಲ್ಲ.

"ಹೂಂ, ಐತಿ," ಎಂದೆ.

ಅವನು ಪೆಡಲನ್ನು ಇನ್ನೊಂದು ಸುತ್ತು ತಿರುಗಿಸಿದ. ನಾನು ಕದಲಲಿಲ್ಲ. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಗುಡಿಕಟ್ಟೆಯ ಕಡೆ ಹೋದ.